ಪೈಲ್ವಾನನ ರಕ್ತವೇ ಅಳತೆ

ಕುಸ್ತಿ ಆಡಿದವನಲ್ಲ, ತೊಡೆ ತಟ್ಟಿದವನಲ್ಲ, ಆದರೂ ಎಲ್ಲರ ಬಾಯಲ್ಲೂ ಅವನು ಪೈಲ್ವಾನ. ದೊಡ್ಡಾಸ್ಪತ್ರೆಯ ಲಿವರ್ ಲ್ಯಾಬಿಗೆ ಅಟೆಂಡರ್ ಆಗಿ ಸೇರಿದ ಹೊಸತರಲ್ಲಿ, ಇಬ್ಬರು ಹಿಡಿದು ಎತ್ತಬೇಕಾದ ಗ್ಯಾಸ್ ಸಿಲಿಂಡರನ್ನು ಒಬ್ಬನೇ ಹೆಗಲಿಗೇರಿಸಿ ಮೇಲಿನ ಮಹಡಿಗೆ ತಂದು, ಎಲ್ಲಿಡಲಿ ಎಂದು ಕೇಳಿದ್ದನಂತೆ. ಏದುಸಿರೂ ಇಲ್ಲ, ಬೆವರೂ ಇಲ್ಲ. ಅದನ್ನು ಕಣ್ಣಾರೆ ಕಂಡ ಟೆಕ್ನೀಷಿಯನ್ ಅಲ್ಲೇ ಹೆಸರಿಟ್ಟುಬಿಟ್ಟ. ಆ ಟೆಕ್ನೀಷಿಯನ್ನಿಗೂ ಒಂದು ಅಡ್ಡಹೆಸರಿತ್ತು, ಕನ್ನಡಕ ಅಂತ. ಅದನ್ನು ತೆಗೆದಿಟ್ಟರೆ ಅವನಿಗೆ ಬಾಗಿಲು ಯಾವುದು, ಗೋಡೆ ಯಾವುದು ತಿಳಿಯುತ್ತಿರಲಿಲ್ಲ.

ಈಗ ಪೈಲ್ವಾನನಿಗೆ ವಯಸ್ಸಾಗಿದೆ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕದ ಕುರ್ಚಿ ಅವನದು. ಯಾರಾದರೂ ಸಿಕ್ಕಿದರೆ ಸಾಕು, ಲ್ಯಾಬಿನ ಪುರಾಣ ಶುರು. ಇವತ್ತು ಸಿಲಿಂಡರ್ ಎಷ್ಟನೇ ಮಹಡಿವರೆಗೆ ಹೋಯಿತು ಎಂದು ಹೆಂಡತಿ ಒಳಗಿನಿಂದಲೇ ಕಾಲೆಳೆಯುತ್ತಾಳೆ. ವರ್ಷ ಕಳೆದ ಹಾಗೆ ಆಸ್ಪತ್ರೆಯ ಮಹಡಿಗಳೂ ಬೆಳೆಯುತ್ತಿವೆ ಎನ್ನುವುದು ಅವಳ ದೂರು. ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಳೆಯ ದಿನಗಳ ರುಚಿ ಹತ್ತಿದವನಿಗೆ ಹೆಂಡತಿಯ ಮಾತು ಯಾವ ಲೆಕ್ಕ! ಆದರೆ ಆಸ್ಪತ್ರೆಯ ಹಿಂದಿನ ಕೇರಿಯ ಟೈಲರನ ಮನೆಗೆ ಹೋದ ದಿನದ ಮಾತು ಬಂದರೆ ಮಾತ್ರ ಪೈಲ್ವಾನನ ದನಿ ತಗ್ಗುತ್ತದೆ, ಹೆಂಡತಿಯೂ ಕಾಲೆಳೆಯುವುದಿಲ್ಲ. ಅದು ತಿಳಿಯಬೇಕಾದರೆ ಮೊದಲು ಆ ಲ್ಯಾಬನ್ನು ನೋಡಬೇಕು.

ಲ್ಯಾಬೆಂದರೆ ಏನು ಮಹಾ, ಉದ್ದನೆಯ ಒಂದು ಕೋಣೆ. ಕಿಟಕಿಯ ಕೆಳಗೆ ಕಲ್ಲಿನ ಕಟ್ಟೆ, ಅದರ ಮೇಲೆ ಸದಾ ಸ್ಪಿರಿಟ್ ವಾಸನೆ. ಮರದ ಗೂಟಗಳಲ್ಲಿ ತಲೆಕೆಳಗಾಗಿ ಒಣಗುವ ಗಾಜಿನ ಟ್ಯೂಬುಗಳು. ಮೂಲೆಯಲ್ಲಿ ದಿನವಿಡೀ ಗುರುಗುಟ್ಟುವ ಫ್ರೀಜರ್. ಅದರ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ, ಪೈಲ್ವಾನ ಹೋಗಿ ಸೊಂಟದಿಂದ ಒಂದು ಗುದ್ದು ಕೊಟ್ಟರೆ ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಬೆಳಗಿನ ಬಿಸಿಲು ಆ ಟ್ಯೂಬುಗಳ ಮೇಲೆ ಬಿದ್ದಾಗ ಗೋಡೆಯ ಮೇಲೆಲ್ಲ ಬೆಳಕು ಕುಣಿಯುತ್ತಿತ್ತು. ಪೊರಕೆ ಹಿಡಿದು ಒಂದು ಗಳಿಗೆ ಅದನ್ನು ನೋಡುತ್ತ ನಿಲ್ಲುವುದು ಪೈಲ್ವಾನನ ಅಭ್ಯಾಸ. ಈಗಲೂ ಕನಸಿನಲ್ಲಿ ಬರುವುದು ಆ ಗೋಡೆಯೇ ಅಂತ ಹೇಳುತ್ತಾನೆ.

ಅದಕ್ಕೆಲ್ಲ ಯಜಮಾನಿ ಡಾಕ್ಟರಮ್ಮ. ಆಳು ಗೇಣುದ್ದ, ಗಂಟಲು ಮಾರುದ್ದ. ಒಂದು ಟ್ಯೂಬು ಒಡೆದರೆ ಅವರ ಬೈಗುಳ ಕೆಳಗಿನ ಔಷಧಿ ಕೌಂಟರಿನವರೆಗೂ ಕೇಳುತ್ತಿತ್ತು. ಬೈದು ಮುಗಿಸಿದ ಮರುಕ್ಷಣ ತಮ್ಮ ಲೋಟದ ಟೀಯನ್ನೇ ಬೈಸಿಕೊಂಡವನ ಮುಂದೆ ತಳ್ಳುತ್ತಿದ್ದರು. ಲಿವರಿಗೆ ಬರುವ ರೋಗಗಳ ಮೇಲೆ, ಅದರಲ್ಲೂ ವೈರಸ್ಸಿನಿಂದ ಬರುವ ಹೆಪಟೈಟಿಸ್ ಮೇಲೆ ಅವರು ಬರೆದದ್ದು ದೂರ ದೇಶದ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಹೊಸ ಸಂಚಿಕೆ ಅಂಚೆಯಲ್ಲಿ ಬಂದ ದಿನ ಲ್ಯಾಬಿನಲ್ಲಿ ಎಲ್ಲರಿಗೂ ಬಿಸ್ಕತ್ತು. ಓದಲು ಬರುತ್ತಿದ್ದದ್ದು ಇಬ್ಬರಿಗೆ, ತಿನ್ನಲು ಎಲ್ಲರಿಗೂ.

ಆ ಕಾಲದಲ್ಲಿ ಡಾಕ್ಟರಮ್ಮ ಬೆನ್ನು ಹತ್ತಿದ್ದು ಹೆಪಟೈಟಿಸ್ ಸಿ ಎಂಬ ಕಳ್ಳನನ್ನು. ಕಣ್ಣು ಹಳದಿ ಮಾಡುವುದಿಲ್ಲ, ಜ್ವರ ಬರಿಸುವುದಿಲ್ಲ, ರಕ್ತದಿಂದ ರಕ್ತಕ್ಕೆ ದಾಟಿ ಲಿವರಿನಲ್ಲಿ ತಣ್ಣಗೆ ಕೂತು ವರ್ಷಗಟ್ಟಲೆ ಕೊರೆಯುತ್ತದೆ. ಆಸ್ಪತ್ರೆಯ ಹಿಂದಿನ ಕಾರ್ಮಿಕರ ಕೇರಿಯಲ್ಲಿ ಅದು ಎಷ್ಟು ಜನರಲ್ಲಿದೆ ಎಂದು ತಿಳಿಯುವುದು ಅವರ ಹಟ. ಹೊರದೇಶದ ಕಿಟ್ ತರಿಸಿದರೆ ಒಂದು ಬೀದಿಗೂ ಸಾಲದು. ಹಾಗಾಗಿ ಪರೀಕ್ಷೆಯನ್ನು ಲ್ಯಾಬಿನಲ್ಲೇ ಕೈಯಾರೆ ಮಾಡಿಕೊಂಡರು. ಸಣ್ಣ ಸಣ್ಣ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ, ಒಂದೊಂದು ಗುಳಿಗೆ ಒಬ್ಬೊಬ್ಬರ ರಕ್ತದ ತಿಳಿ, ಅದಕ್ಕೆ ಅವರು ಕಲಸಿದ ಔಷಧ. ರೋಗದ ಗುರುತಿದ್ದರೆ ಗುಳಿ ಹಳದಿಯಾಗುತ್ತದೆ.

ಎಷ್ಟು ಹಳದಿಯಾದರೆ ರೋಗ? ಅದಕ್ಕೊಂದು ಅಳತೆ ಬೇಕಲ್ಲ. ಪ್ರತಿ ತಟ್ಟೆಯಲ್ಲೂ ಆರೋಗ್ಯವಂತರ ರಕ್ತದ ಒಂದು ಗುಳಿ ಇಟ್ಟು, ಅದಕ್ಕಿಂತ ಗಾಢವಾದರೆ ರೋಗ, ಅಷ್ಟೇ ಇದ್ದರೆ ಅಥವಾ ತೆಳುವಾಗಿದ್ದರೆ ಏನೂ ಇಲ್ಲ ಎಂದು ತೀರ್ಮಾನ. ನಾಲ್ಕಾರು ಜನರ ರಕ್ತ ಸೇರಿಸಿ ಆ ಅಳತೆ ಮಾಡಬೇಕಿತ್ತು. ಹುಡುಕಿದರೆ ಕನ್ನಡಕನಿಗೆ ಚಿಕ್ಕಂದಿನಲ್ಲಿ ಕಾಮಾಲೆ ಬಂದಿತ್ತು, ಕಸ ಗುಡಿಸುವವನಿಗೆ ಗುಂಡು ಹಾಕುವ ಚಟ, ಡಾಕ್ಟರಮ್ಮನೇ ದಿನಾ ಯಾವುದೋ ಮಾತ್ರೆ ನುಂಗುತ್ತಿದ್ದರು. ಉಳಿದವನು ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ಪೈಲ್ವಾನ. ಸದ್ಯಕ್ಕೆ ಇವನದೊಂದೇ ಸಾಕು, ಬೇರೆಯವರದು ಆಮೇಲೆ ಸೇರಿಸೋಣ ಎಂದರು ಡಾಕ್ಟರಮ್ಮ. ನಾಳೆ ಎಂದವರ ಮನೆ ಹಾಳು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಆ ಆಮೇಲೆ ಬರಲೇ ಇಲ್ಲ.

ಪೈಲ್ವಾನನಿಗೆ ಮಾತ್ರ ನೆಲ ಕಾಣಲಿಲ್ಲ. ಕೇರಿಗೆ ಕೇರಿಯನ್ನೇ ತನ್ನ ರಕ್ತದ ಪಕ್ಕದಲ್ಲಿಟ್ಟು ಅಳೆಯುತ್ತಾರೆ ಎಂದರೆ ಸಾಮಾನ್ಯವೇ! ಹೆಂಡತಿ ಎರಡು ಹೊತ್ತು ಊಟ ಹೆಚ್ಚಾಗಿ ಬಡಿಸಬೇಕಾಯಿತು, ಅಳತೆ ಕೆಡಬಾರದಲ್ಲ. ಕನ್ನಡಕ ಮಾತ್ರ ಒಮ್ಮೆ, ಪೈಲ್ವಾನನ ಗುಳಿ ಕೆಲವರದ್ದಕ್ಕಿಂತ ಒಂದು ಚೂರು ಹಳದಿ ಕಾಣುತ್ತದಲ್ಲ ಎಂದಿದ್ದ. ನಾವೇ ಕೈಯಾರೆ ಕಲಸಿದ ಔಷಧ, ಅಷ್ಟು ಬಣ್ಣ ಬಂದೇ ಬರುತ್ತದೆ ಎಂದು ಡಾಕ್ಟರಮ್ಮ ಅವನ ಬಾಯಿ ಮುಚ್ಚಿಸಿದರು. ಪೈಲ್ವಾನನಂತೂ ಅವನ ಕನ್ನಡಕದ ಗಾಜು ಒರೆಸಿಕೊಟ್ಟ.

ಡಾಕ್ಟರಮ್ಮನದು ಒಂದು ನೇಮವಿತ್ತು. ರಕ್ತ ಕೊಟ್ಟ ಪ್ರತಿಯೊಬ್ಬರಿಗೂ ಫಲಿತಾಂಶವನ್ನು ಬಾಯಿಮಾತಿನಲ್ಲೇ ಹೇಳಬೇಕು. ರೋಗ ಇದ್ದವರನ್ನು ಅವರೇ ಕರೆದು ಕೂರಿಸಿ ಹೇಳುತ್ತಿದ್ದರು. ಇಲ್ಲದವರ ಮನೆಗೆ ಪೈಲ್ವಾನ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಹಾಗಾಗಿ ಅವನು ತಂದದ್ದೆಲ್ಲ ಒಳ್ಳೆ ಸುದ್ದಿಯೇ. ಸೈಕಲ್ಲಿನ ಗಂಟೆ ಕೇಳಿದರೆ ಮಕ್ಕಳು, ಏನೂ ಇಲ್ಲ ಮಾಮ ಬಂದ್ರು ಎಂದು ಕೂಗುತ್ತ ಮುಂದೆ ಓಡುತ್ತಿದ್ದವು. ಒಂದು ಮನೆಯಲ್ಲಿ ಟೀ, ಇನ್ನೊಂದರಲ್ಲಿ ನೀರು, ಮತ್ತೊಂದರಲ್ಲಿ ಮಗುವಿಗೆ ಹೆಸರು ಸೂಚಿಸಿ ಎಂಬ ಒತ್ತಾಯ. ಸಂಜೆ ಮನೆಗೆ ಬರುವಷ್ಟರಲ್ಲಿ ಹೊಟ್ಟೆ ತುಂಬಿರುತ್ತಿತ್ತು, ಮನಸ್ಸೂ ತುಂಬಿರುತ್ತಿತ್ತು.

ಎಲ್ಲರಿಗಿಂತ ಖುಷಿಪಟ್ಟವನು ಕೇರಿಯ ಕೊನೆಯ ತಿರುವಿನ ಟೈಲರ್. ಅವನ ಅಣ್ಣ ಲಿವರ್ ಕೆಟ್ಟು ತೀರಿಕೊಂಡಿದ್ದ, ತನಗೂ ಅದೇ ಗತಿ ಎಂದು ಟೈಲರ್ ವರ್ಷಗಟ್ಟಲೆ ಹೆದರಿದ್ದ. ನಿಮಗೇನೂ ಇಲ್ಲ ಎಂದು ಪೈಲ್ವಾನ ಹೇಳಿದಾಗ ಹೊಲಿಯುತ್ತಿದ್ದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಅಂದಿನಿಂದ ಇಬ್ಬರೂ ಸ್ನೇಹಿತರು. ಟೈಲರನ ಪುಟ್ಟ ಮಗಳು ಪೈಲ್ವಾನನ ತೋಳಿಗೆ ಜೋತುಬಿದ್ದು ಉಯ್ಯಾಲೆ ಆಡುತ್ತಿದ್ದಳು.

ಡಾಕ್ಟರಮ್ಮನ ಲೇಖನ ಅಚ್ಚಾಯಿತು. ಈ ಕೇರಿಯಲ್ಲಿ ರೋಗ ತೀರಾ ಕಡಿಮೆ ಎಂಬುದು ಅದರ ಸಾರಾಂಶ. ಅವರ ಹೆಸರು ದೊಡ್ಡದಾಯಿತು. ಅದರಲ್ಲಿ ಒಬ್ಬ ಆರೋಗ್ಯವಂತ ಗಂಡಸಿನ ರಕ್ತವನ್ನು ಅಳತೆಯಾಗಿ ಬಳಸಲಾಗಿದೆ ಎಂಬ ಸಾಲು ಎಲ್ಲಿದೆ ಎಂದು ಕನ್ನಡಕ ಬೆರಳಿಟ್ಟು ತೋರಿಸಿದ. ಪೈಲ್ವಾನ ಆ ಸಾಲನ್ನು ಸವರಿ ನೋಡಿದ. ಅವತ್ತಿನ ಬಿಸ್ಕತ್ತಿನಲ್ಲಿ ಅವನಿಗೆ ಎರಡು ಪಾಲು.

ಹೀಗೇ ಕೆಲವು ವರ್ಷ ಕಳೆದವು. ಕನ್ನಡಕನ ಹೆಂಡತಿಯ ಹೆರಿಗೆ ಕಷ್ಟವಾಗಿ ರಕ್ತ ಬೇಕಾಯಿತು. ಪೈಲ್ವಾನ ಅಂಗಿಯ ತೋಳು ಮಡಚಿಕೊಂಡು ಬ್ಲಡ್ ಬ್ಯಾಂಕಿಗೆ ಹೋದ. ಅಲ್ಲಿ ಆಗಷ್ಟೇ ಹೊರದೇಶದ ಹೊಸ ಪರೀಕ್ಷೆ ಶುರುವಾಗಿತ್ತು. ಅಲ್ಲಿಯವರೆಗೆ ಈ ರೋಗಕ್ಕೆ ಅಲ್ಲಿ ಯಾರೂ ರಕ್ತ ನೋಡುತ್ತಿರಲಿಲ್ಲ. ನಿಮ್ಮ ರಕ್ತ ಬೇಡ, ಅದರಲ್ಲಿ ಹೆಪಟೈಟಿಸ್ ಸಿ ಇದೆ ಎಂದರು. ಪೈಲ್ವಾನನ ಮುಖಕ್ಕೆ ಹೊಡೆದಂತಾಯಿತು. ಬುಸುಗುಟ್ಟುತ್ತ ಬಂದು ಡಾಕ್ಟರಮ್ಮನಿಗೆ ದೂರು ಹೇಳಿದ. ಕುಣಿಯಲಾರದವರು ನೆಲ ಡೊಂಕು ಅಂದರಂತೆ ಎಂದು ಅವರು ಫೋನೆತ್ತಿ ಬ್ಲಡ್ ಬ್ಯಾಂಕಿನವರ ಜನ್ಮ ಜಾಲಾಡಿದರು. ಪೈಲ್ವಾನನ ರಕ್ತದಲ್ಲಿ ರೋಗ ಕಾಣುವ ಪರೀಕ್ಷೆ ಅದೆಂಥ ಪರೀಕ್ಷೆ, ಆ ಕಿಟ್ಟನ್ನು ವಾಪಸ್ ಕಳಿಸಿ ಎಂದರು. ಬ್ಲಡ್ ಬ್ಯಾಂಕಿನವರು ಪಾಪ, ಮತ್ತೆ ಮಾಡಿ ನೋಡಿದರು. ಮತ್ತೆ ಅದೇ ಬಂತು.

ಸಿಟ್ಟು ಇಳಿದ ಮೇಲೆ ಡಾಕ್ಟರಮ್ಮ ಅವರಿಂದಲೇ ಒಂದು ಕಿಟ್ ಸಾಲ ತಂದರು. ನರ್ಸಿಂಗ್ ಓದುವ ಹುಡುಗಿಯರ ರಕ್ತವನ್ನೂ ಪೈಲ್ವಾನನದನ್ನೂ ಒಂದೇ ತಟ್ಟೆಯಲ್ಲಿ ಇಟ್ಟರು. ಹುಡುಗಿಯರ ಗುಳಿಗಳೆಲ್ಲ ನೀರಿನಂತೆ ತಿಳಿಯಾಗಿ ಉಳಿದವು. ಪೈಲ್ವಾನನದೊಂದೇ ಹಳದಿಯಾಯಿತು. ದೀಪದ ಬುಡದಲ್ಲೇ ಕತ್ತಲೆ ಇತ್ತು. ಇಷ್ಟು ವರ್ಷ ಅವರು ರೋಗವನ್ನು ಅಳೆದದ್ದು ರೋಗದಿಂದಲೇ! ಪೈಲ್ವಾನ ಹರೆಯದಲ್ಲಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದಾಗ ಕಾಂಪೌಂಡರ್ ಒಬ್ಬ ಹಮಾಲರನ್ನು ಸಾಲಾಗಿ ನಿಲ್ಲಿಸಿ, ಒಂದೇ ಸಿರಿಂಜಿನಲ್ಲಿ ಎಲ್ಲರಿಗೂ ತಾಕತ್ತಿನ ಇಂಜೆಕ್ಷನ್ ಚುಚ್ಚುತ್ತಿದ್ದನಂತೆ. ಬಹುಶಃ ಅಲ್ಲಿಂದ ಬಂದ ಭಾಗ್ಯ ಅದು.

ಡಾಕ್ಟರಮ್ಮ ಅವನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ಪೈಲ್ವಾನ ಕೇಳಿಯೇ ಇರಲಿಲ್ಲ.

"ತಪ್ಪು ನಿಂದಲ್ಲ, ನಂದು. ಮದ್ದು ಇದೆ, ಕೊಡಿಸ್ತೀನಿ. ನಿಂಗೇನಾಗೋಕೂ ನಾನು ಬಿಡಲ್ಲ."

ಪೈಲ್ವಾನ ತನ್ನ ಲಿವರಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಅಮ್ಮಾ, ಹಾಗಾದ್ರೆ ನಾನು ಮನೆಮನೆಗೆ ಹೋಗಿ ಹೇಳಿ ಬಂದಿದ್ದು?"

ಡಾಕ್ಟರಮ್ಮ ಎದ್ದು ಹೋಗಿ ಫ್ರೀಜರಿನ ಬಾಗಿಲು ತೆರೆದರು.

ಫ್ರೀಜರಿನಲ್ಲಿದ್ದ ಹಳೆಯ ರಕ್ತವನ್ನೆಲ್ಲ ಹೊಸ ಕಿಟ್ಟಿನಿಂದ ಮತ್ತೆ ನೋಡಿದರು. ಏನೂ ಇಲ್ಲ ಎನಿಸಿಕೊಂಡವರಲ್ಲಿ ಸುಮಾರು ಜನರಿಗೆ ರೋಗವಿತ್ತು. ಡಾಕ್ಟರಮ್ಮ ತಮ್ಮ ಲೇಖನ ತಪ್ಪು, ಅದನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಪತ್ರಿಕೆಗೆ ಬರೆದರು. ಬುದ್ಧಿವಂತರು ಬಂದು, ಯಾರು ನೋಡುತ್ತಾರೆ, ಸುಮ್ಮನಿರಿ ಎಂದು ಕಿವಿ ಕಚ್ಚಿದರು. ಕಾಗದದ ಮಾನ ಹೋದರೆ ಹೋಗಲಿ, ಜನರ ಪ್ರಾಣ ಉಳಿದರೆ ಸಾಕು ಎಂದು ಡಾಕ್ಟರಮ್ಮ ಅವರನ್ನು ಬಾಗಿಲವರೆಗೆ ಕಳಿಸಿ ಬಂದರು. ಬರಬೇಕಾಗಿದ್ದ ದೊಡ್ಡ ಹುದ್ದೆ ಆ ವರ್ಷವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಆ ಬಗ್ಗೆ ಅವರು ಗೊಣಗಿದ್ದನ್ನು ಯಾರೂ ಕೇಳಲಿಲ್ಲ.

ಆದರೆ ಕೇರಿಯ ಜನ ಬರಬೇಕಲ್ಲ. ಕಾರ್ಡು ಬರೆದು ಕರೆದರೆ ಒಬ್ಬರೂ ಅಲ್ಲಾಡಲಿಲ್ಲ. ಏನೂ ಇಲ್ಲ ಅಂತ ಪೈಲ್ವಾನರೇ ಹೇಳಿದ್ದಾರೆ, ಇನ್ನೇನು ಎಂದು ಕಾರ್ಡನ್ನು ಒಲೆಗೆ ಹಾಕಿದರು. ಅವನ ಮಾತು ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿತ್ತು. ಕಿತ್ತುಹಾಕುವುದಾದರೆ ಅವನೇ ಕೀಳಬೇಕಿತ್ತು.

ಪೈಲ್ವಾನ ಎರಡು ದಿನ ಜ್ವರ ಅಂತ ಮಲಗಿಬಿಟ್ಟ. ಜ್ವರವೂ ಇಲ್ಲ, ಗಿರವೂ ಇಲ್ಲ. ಜೀವಮಾನದಲ್ಲಿ ಅವನಿಗಿದ್ದ ಆಸ್ತಿ ಒಂದೇ, ಕಾಯಿಲೆಯಿಲ್ಲದ ಮೈ. ಅದನ್ನು ನೋಡಿಯೇ ಬೀದಿ ಬೀದಿಯಲ್ಲಿ ಮರ್ಯಾದೆ. ಈಗ ಯಾವ ಮುಖ ಇಟ್ಟುಕೊಂಡು ಹೋಗುವುದು? ಹೆಂಡತಿ ಅವತ್ತು ತಮಾಷೆ ಮಾಡಲಿಲ್ಲ. ಹಾಸಿಗೆಯ ತುದಿಯಲ್ಲಿ ಕೂತು ಹೇಳಿದಳು:

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಹೋಗಿದ್ದು ವಾಪಸ್ ಬರಲ್ಲ, ನಿಜ. ಆದ್ರೆ ಆಡಿದೋರು ಹೋಗ್ಬೋದಲ್ಲ. ಏಳಿ."

ಎದ್ದ. ಸೈಕಲ್ ಹತ್ತಿದ. ಒಬ್ಬ ಅಜ್ಜಿ ಅವನ ಮಾತು ಕೇಳಿ, ನಿನಗೆ ರೋಗ ಇದ್ದರೆ ಬೆಟ್ಟಕ್ಕೂ ಇದೆ ಎಂದು ನಕ್ಕಳು. ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಒಬ್ಬ ಗಾರೆಯವನು ಕೊರಳಪಟ್ಟಿ ಹಿಡಿದ, ಹಿಡಿಸಿಕೊಂಡು ನಿಂತ. ಎಲ್ಲೂ ಡಾಕ್ಟರಮ್ಮನ ಹೆಸರು ಹೇಳಿ ಜಾರಿಕೊಳ್ಳಲಿಲ್ಲ. ನನಗೇ ಇದೆ, ನನ್ನನ್ನೇ ನೋಡಿ, ಮೈ ಚೆನ್ನಾಗಿದ್ದರೂ ಒಳಗೆ ಇರುತ್ತದೆ ಎನ್ನುತ್ತಿದ್ದ. ಆ ಮಾತಿಗೆ ಜನ ಬಂದರು. ಪೈಲ್ವಾನನಿಗೇ ಬಂದಿದ್ದರೆ ನಮ್ಮದೇನು ಎಂದು ಹೆದರಿ ಬಂದರು, ಬೈಯುತ್ತ ಬಂದರು, ಅಂತೂ ಬಂದರು. ಬಂದವರಿಗೆ ಚಿಕಿತ್ಸೆ ಸಿಕ್ಕಿತು. ಆಗಿನ ಚಿಕಿತ್ಸೆಯೆಂದರೆ ತಿಂಗಳುಗಟ್ಟಲೆ ಸೂಜಿ, ಚಳಿಜ್ವರ, ಕೂದಲು ಉದುರುವುದು. ಕೆಲವರಿಗೆ ಹತ್ತಿತು, ಕೆಲವರಿಗೆ ಹತ್ತಲಿಲ್ಲ. ಬಹಳ ವರ್ಷಗಳ ಮೇಲೆ ಬರೀ ಮಾತ್ರೆಯಲ್ಲೇ ಹೋಗುವ ಕಾಲ ಬಂತು, ಪೈಲ್ವಾನ ಉಳಿದದ್ದು ಆ ಮಾತ್ರೆಯಿಂದ.

ಎಲ್ಲರ ಮನೆ ಮುಗಿದರೂ ಒಂದು ಮನೆ ಉಳಿದಿತ್ತು. ಆ ತಿರುವಿನವರೆಗೆ ಹೋಗಿ, ಹೋಗಿ, ಸೈಕಲ್ ತಿರುಗಿಸಿಕೊಂಡು ಬರುತ್ತಿದ್ದ. ಟೈಲರನ ರಕ್ತದಲ್ಲೂ ರೋಗ ಕಂಡಿತ್ತು. ಕೊನೆಗೆ ಒಂದು ಬೆಳಗ್ಗೆ ಗಟ್ಟಿ ಮನಸ್ಸು ಮಾಡಿ ಹೋದ. ಗಂಟೆ ಬಾರಿಸಲಿಲ್ಲ.

ಟೈಲರ್ ಬಾಗಿಲ ಪಕ್ಕದಲ್ಲಿ ಮಿಷನ್ ತುಳಿಯುತ್ತಿದ್ದ. ಸೊರಗಿದ್ದ. ಇತ್ತೀಚೆಗೆ ಊಟ ಸೇರುತ್ತಿಲ್ಲ, ಗ್ಯಾಸ್ ಇರಬೇಕು ಎಂದು ತಾನೇ ಹೇಳಿಕೊಂಡ. ಪೈಲ್ವಾನ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ತನ್ನ ರಕ್ತದ ಕಥೆ, ತಪ್ಪಿದ ಅಳತೆ, ಅವತ್ತು ತಾನು ಹೇಳಿದ್ದು ಸುಳ್ಳಾದದ್ದು. ಟೈಲರನ ಕಾಲು ನಿಂತಿತು, ಮಿಷನ್ ನಿಂತಿತು. ಬಟ್ಟೆ ಸೂಜಿಯ ಕೆಳಗೇ ಉಳಿಯಿತು. ಅವನು ಅಣ್ಣನ ಮಾತು ಎತ್ತುತ್ತಾನೆ, ಬೈಯುತ್ತಾನೆ ಎಂದುಕೊಂಡಿದ್ದ ಪೈಲ್ವಾನ. ಅದಕ್ಕೆಲ್ಲ ಸಿದ್ಧನಾಗಿಯೇ ಬಂದಿದ್ದ.

"ಅವತ್ತು ನೀವು ಹೇಳಿ ಹೋದ್ರಲ್ಲ ಪೈಲ್ವಾನ್ರೇ," ಎಂದ ಟೈಲರ್. "ಮುಂದಿನ ವರ್ಷ ನಮ್ಮ ಪುಟ್ಟಿ ಮೆಟ್ಟಿಲಿಂದ ಬಿದ್ಲು. ತುಂಬಾ ರಕ್ತ ಹೋಗಿತ್ತು. ಯಾರದ್ದೋ ಯಾಕೆ, ನಂದು ಶುದ್ಧವಾಗಿದೆ ಅಂತ ಎದೆ ತಟ್ಕೊಂಡು ನಂದೇ ಕೊಟ್ಟೆ."

ಪೈಲ್ವಾನ ಗೋಡೆ ಹಿಡಿದು ಕೆಳಗೆ ಕೂತ. ಸಿಲಿಂಡರ್ ಹೊತ್ತ ಮನುಷ್ಯ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಟೈಲರನ ಹೆಂಡತಿ ಒಳಗಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಓದುವವರ ಜೀವ ಒದ್ದಾಡುವುದು ಬೇಡ, ಮೊದಲೇ ಹೇಳಿಬಿಡುವುದು ಒಳ್ಳೆಯದು: ರೋಗ ಆ ಹುಡುಗಿಗೂ ದಾಟಿತ್ತು, ಮಾತ್ರೆಯ ಕಾಲ ಬರುವವರೆಗೂ ಅವಳು ತಡೆದುಕೊಂಡಳು, ಈಗ ಚೆನ್ನಾಗಿದ್ದಾಳೆ. ಟೈಲರನಿಗೆ ಅಷ್ಟು ದಿನ ಸಿಗಲಿಲ್ಲ. ಆದರೆ ಅವತ್ತು ಬೆಳಗ್ಗೆ ಇದ್ಯಾವುದೂ ಆ ಕೋಣೆಯಲ್ಲಿದ್ದವರಿಗೆ ಗೊತ್ತಿರಲಿಲ್ಲ.

ಟೈಲರ್ ಎದ್ದ. ಹೊರಗೆ ಹೋಗಿ ಎನ್ನುತ್ತಾನೆ ಎಂದು ಪೈಲ್ವಾನ ಕಾದ. ತನ್ನ ಮಗುವಿಗೆ ಹೀಗಾಗಿದ್ದರೆ ತಾನು ಎದುರಿನವನ ಹಲ್ಲು ಉದುರಿಸುತ್ತಿದ್ದೆ ಎಂದು ಇವತ್ತಿಗೂ ಹೇಳುತ್ತಾನೆ. ಟೈಲರ್ ಒಳಗೆ ಹೋಗಿ ಮಗಳನ್ನು ಕರೆದುಕೊಂಡು ಬಂದ. ಅವಳಿಗೆ ಚಪ್ಪಲಿ ಹಾಕಿಸಿದ. ಚಪ್ಪಲಿಯ ಪಟ್ಟಿ ಸಿಕ್ಕಿಸಲು ಹೊತ್ತಾಯಿತು.

"ಸೂಜಿ ಅಂದ್ರೆ ಇವಳಿಗೆ ಜೀವ ಹೋಗುತ್ತೆ. ನಾನು ಕರ್ಕೊಂಡು ಹೋದ್ರೆ ರಂಪ ಮಾಡ್ತಾಳೆ. ನೀವಾದ್ರೆ ನಂಬ್ತಾಳೆ. ನೀವು ಮುಂದೆ ನಡೀರಿ, ನಾವಿಬ್ರೂ ಹಿಂದೆ ಬರ್ತೀವಿ."

ಹೀಗೆ ಹೇಳಿ ಟೈಲರ್ ಮಗಳ ಕೈಯನ್ನು ಪೈಲ್ವಾನನ ಕೈಯಲ್ಲಿ ಇಟ್ಟ.

ಬೀದಿಯಲ್ಲಿ ಬಿಸಿಲು ಏರಿತ್ತು. ಪೈಲ್ವಾನ ಒಂದು ಕೈಯಲ್ಲಿ ಸೈಕಲ್ ತಳ್ಳುತ್ತ, ಇನ್ನೊಂದರಲ್ಲಿ ಅವಳ ಕೈ ಹಿಡಿದು ನಡೆದ. ಆಸ್ಪತ್ರೆಯ ಗೇಟು ಕಂಡಾಗ ಹುಡುಗಿ ನಿಂತಳು.

"ಮಾಮ, ನೋಯತ್ತಾ?"

ಎಷ್ಟೋ ಮಕ್ಕಳು ಅವನನ್ನು ಅದೇ ಪ್ರಶ್ನೆ ಕೇಳಿದ್ದವು. ಪ್ರತಿ ಸಲವೂ ನಗುತ್ತ ಇಲ್ಲ ಎಂದವನು ಅವನು. ಈಗ ಅವಳೆದುರು ಮೊಣಕಾಲೂರಿ ಕೂತ.

"ನೋಯುತ್ತೆ ಪುಟ್ಟಾ," ಎಂದ. "ನೋಯುತ್ತೆ. ನನ್ನ ಕೈ ಗಟ್ಟಿಯಾಗಿ ಹಿಡ್ಕೋ."